ಮಿತ್ರಭಾವದ ಸೇತುವೆ

ಥಾಯ್ಲೆಂಡಿನಲ್ಲಿ ವಾಹನಗಳು ನಮ್ಮಲ್ಲಿಯಂತೆಯೇ ರಸ್ತೆಯ ಎಡಮಗ್ಗುಲಿನಲ್ಲಿ ಓಡುತ್ತವೆ. ನೆರೆಯ ಲಾವೋಸಿನಲ್ಲಿ ಬಲಮಗ್ಗುಲಿನಲ್ಲಿ. ಎರಡು ದೇಶಗಳ ನಡುವೆ ಮೆಕಾಂಗ್ ಮಹಾನದಿ ಹರಿಯುತ್ತದೆ. ಆ ನದಿಗೆ ಸೇತುವೆ ಕಟ್ಟಿ, ಎಡಬದಿಯ ನಾಡಿನ ಬಂಡಿಗಳನ್ನೂ ಬಲಬದಿಯ ನಾಡಿನ ಬಂಡಿಗಳನ್ನೂ ಎದುರುಬದುರಾಗಿ ಅದರ ಮೇಲೆ ಬಿಟ್ಟರೆ ಗತಿ ಏನಾದೀತು? ಈ ಪ್ರಶ್ನೆಯನ್ನು ಕೇಳಿದವಳು ನನ್ನಾಕೆ. ಕೇಳಿದ್ದು ಬ್ಯಾಂಕಾಕಿನಿಂದ ಹೊರಟ ರಾತ್ರಿಯ ರೈಲಿನಲ್ಲಿ, ಇಬ್ಬರಿಗೂ ನಿದ್ರೆ ಹತ್ತಬೇಕಾದ ಹೊತ್ತಿನಲ್ಲಿ. ಸಂಧಿ ಸಮಾಸಗಳನ್ನು ಬಿಡಿಸಿ ಹೊಟ್ಟೆ ಹೊರೆಯುವ ನನಗೆ ವಾಹನಗಳ ಸಂಧಿಯನ್ನು ಕುರಿತು ಏನು ತಿಳಿದೀತು? "ನಾಳಿದ್ದು ಕಣ್ಣಾರೆ ನೋಡೋಣ, ಮಲಗು" ಎಂದೆ.

ನಾವು ಹೊರಟದ್ದು 2024ರ ಡಿಸೆಂಬರ್ ರಜೆಯಲ್ಲಿ. ಬ್ಯಾಂಕಾಕಿನಿಂದ ಈಶಾನ್ಯಕ್ಕೆ ಸುಮಾರು 620 ಕಿಲೊಮೀಟರು ಹೋದರೆ ನೋಂಗ್‌ಖಾಯ್ ಎಂಬ ಊರು. ಅದು ನದಿಯ ಈಚೆಯ ದಡ. ಅದೇ ವರ್ಷದ ಜುಲೈನಿಂದ ರೈಲು ಇನ್ನೂ ಮುಂದಕ್ಕೆ, ಸೇತುವೆಯ ಮೇಲೆಯೇ ಹಾಯ್ದು, ಲಾವೋಸಿನ ರಾಜಧಾನಿಯಾದ ವಿಯೆಂಟಿಯಾನಿನವರೆಗೆ ಹೋಗತೊಡಗಿತ್ತು. ಆದರೆ ಗಡಿಯನ್ನು ಗಾಡಿಯಲ್ಲಿ ಕುಳಿತು ದಾಟಿಬಿಡುವುದಕ್ಕಿಂತ, ಈಚೆ ಒಂದು ದಿನ ನಿಂತು, ಮರುದಿನ ಬಸ್ಸಿನಲ್ಲಿ ನಿಧಾನವಾಗಿ ದಾಟುವುದು ಲೇಸೆಂದು ನಮಗೆ ತೋರಿತು.

ಕನ್ನಡದ ಅಧ್ಯಾಪಕನಿಗೆ ಆ ದೇಶದಲ್ಲಿ ಕಾಲಿಟ್ಟಲ್ಲೆಲ್ಲ ಕೆಲಸವೇ. ನಾವು ರೈಲು ಹತ್ತಿದ ಬ್ಯಾಂಕಾಕಿನ ಹೊಸ ನಿಲ್ದಾಣದ ಹೆಸರು 'ಕ್ರುಂಗ್ ಥೇಪ್ ಅಫಿವತ್'. ಥೇಪ್ ಎಂದರೆ ದೇವ. ಅಫಿವತ್ ಎಂಬುದು ನಮ್ಮ ಅಭಿವರ್ಧನವೇ. ಎಂದರೆ, ದೇವನಗರಿಯ ಅಭಿವೃದ್ಧಿ ನಿಲ್ದಾಣ! ಹೊರಡುವ ಮುನ್ನ ನಾಲ್ಕಾರು ತಿಂಗಳು ಕುಳಿತು ಥಾಯ್ ಅಕ್ಷರಮಾಲೆಯನ್ನು ಕಲಿತುಕೊಂಡಿದ್ದೆ. ಅದು ನಮ್ಮ ಕ-ಖ-ಗ-ಘ ಕ್ರಮದಲ್ಲಿಯೇ ನಡೆಯುವುದರಿಂದ ಕಷ್ಟವೇನೂ ಆಗಲಿಲ್ಲ. ಓದಿದ್ದರ ಅರ್ಥ ಮುಕ್ಕಾಲುಪಾಲು ತಿಳಿಯುತ್ತಿರಲಿಲ್ಲ ಎಂಬುದು ಬೇರೆ ಮಾತು.

ಸೇತುವೆಯ ಹೆಸರು ಮಾತ್ರ ತಿಳಿಯಿತು. ಥಾಯ್ ದಡದಲ್ಲಿ ಅದನ್ನು ಬರೆಯುವುದು 'ಮಿತ್ರಭಾಬ' ಎಂದು. ಓದುವುದು 'ಮಿತ್ತ್ರಫಾಪ್' ಎಂದು. ನಮ್ಮ 'ಮಿತ್ರಭಾವ'ವೇ ಅದು. ಲಾವೋಸಿನ ದಡದಲ್ಲಿಯೂ ಅದೇ ಹೆಸರು. ಆದರೆ ಅಲ್ಲಿ ಬಾಯಿಂದ ಹೊರಡುವಂತೆಯೇ 'ಮಿತ್ತಫಾಪ್' ಎಂದು ಬರೆದುಬಿಡುತ್ತಾರೆ. ಥಾಯ್ ಜನರು ಸಂಸ್ಕೃತದಿಂದ ತಂದ ಮಾತನ್ನು ತಮ್ಮ ನಾಲಗೆಗೆ ಒಗ್ಗಿದಂತೆ ಉಚ್ಚರಿಸುತ್ತಾರೆ. ಬರೆಯುವಾಗ ಮಾತ್ರ ಉಚ್ಚಾರವಿಲ್ಲದ ಅಕ್ಷರಗಳನ್ನೂ ಬಿಡದೆ, ಮೂಲವನ್ನು ಕಾಪಾಡುತ್ತಾರೆ. ಲಾವೋ ಜನರು ಮೂಕಾಕ್ಷರಗಳನ್ನೆಲ್ಲ ತೆಗೆದುಹಾಕಿ ನುಡಿದಂತೆ ಬರೆಯುತ್ತಾರೆ. ಈಚೆ ತತ್ಸಮ, ಆಚೆ ತದ್ಭವ! ತದ್ಭವಗಳಿಗಾಗಿ ಒಂದು ಪ್ರಕರಣವನ್ನೇ ಮೀಸಲಿಟ್ಟ ನಮ್ಮ ಕೇಶಿರಾಜನು ಈ ಸೇತುವೆಯನ್ನು ಕಂಡಿದ್ದರೆ ಸಂತೋಷಪಡುತ್ತಿದ್ದನು.

ನೋಂಗ್‌ಖಾಯ್‌ನಿಂದ ಹೊರಟು ಸೇತುವೆಯ ಬುಡಕ್ಕೆ ಬಂದೆವು. ಥಾಯ್ ಅಧಿಕಾರಿ ನಮ್ಮ ರಹದಾರಿಗಳ ಮೇಲೆ ನಿರ್ಗಮನದ ಮುದ್ರೆಯೊತ್ತಿದ. ಅಲ್ಲಿಂದ ಆಚೆಯ ದಡದ ಠಾಣೆಯವರೆಗೆ ಓಡಾಡುವುದಕ್ಕೆಂದೇ ಬಸ್ಸುಗಳಿವೆ. ಚೀಟಿ ಕೊಂಡು ಹತ್ತಿದೆವು. ಬಸ್ಸಿನ ತುಂಬ ಸಾಮಾನಿನ ಗಂಟುಗಳು: ಸಾಬೂನು, ಹಾಲಿನ ಪುಡಿ, ಮಕ್ಕಳ ಬಟ್ಟೆ, ಒಬ್ಬ ಅಜ್ಜಿಯ ಮಡಿಲಲ್ಲಿ ಒಂದು ಬೀಸಣಿಗೆಯಂತ್ರ. ಲಾವೋಸಿನಲ್ಲಿ ಸರಕು ತುಟ್ಟಿ. ಆದ್ದರಿಂದ ಸಂತೆಗೆ ಹೋಗಿಬರುವಂತೆ ಜನ ನೋಂಗ್‌ಖಾಯ್‌ಗೆ ಬಂದು ಹೋಗುತ್ತಾರೆ. ವಿದೇಶಕ್ಕೆ ಹೋಗುತ್ತಿದ್ದೇವೆಂಬ ಗಾಂಭೀರ್ಯ ಆ ಬಸ್ಸಿನಲ್ಲಿ ಇದ್ದದ್ದು ನಮ್ಮಿಬ್ಬರ ಮುಖದಲ್ಲಿ ಮಾತ್ರ.

ಸೇತುವೆಯ ಉದ್ದ 1,170 ಮೀಟರು. ಅತ್ತಿತ್ತ ವಾಹನಗಳ ಹಾದಿ. ನಟ್ಟನಡುವೆ ರೈಲಿನ ಒಂದೇ ಜೋಡಿ ಹಳಿ. ರೈಲು ಬರುವಾಗ ವಾಹನಗಳನ್ನು ತಡೆದು ನಿಲ್ಲಿಸುತ್ತಾರೆ. ಮೊದಲರ್ಧದಲ್ಲಿ ಥಾಯ್ಲೆಂಡಿನ ಬಾವುಟಗಳು, ಉಳಿದರ್ಧದಲ್ಲಿ ಲಾವೋಸಿನವು. ಕೆಳಗೆ ಕೆಮ್ಮಣ್ಣು ಕದಡಿದ ನೀರು ಯಾರ ಬಾವುಟವನ್ನೂ ಲೆಕ್ಕಿಸದೆ ಹರಿಯುತ್ತಿತ್ತು. ಆಚೆಯ ದಡ ಮುಟ್ಟಿ, ಲಾವೋಸಿನ ಠಾಣೆ ಇನ್ನೂ ಎದುರಿಗಿರುವಾಗ, ಬಸ್ಸು ಒಂದು ಕೆಂಪು ದೀಪದ ಮುಂದೆ ನಿಂತಿತು. ದೀಪ ಹಸಿರಾಯಿತು, ಬಸ್ಸು ಎಡಬದಿಯಿಂದ ಓರೆಯಾಗಿ ಹಾಯ್ದು ಬಲಬದಿಗೆ ಬಂದು, ಏನೂ ನಡೆಯಲಿಲ್ಲವೆಂಬಂತೆ ಮುಂದಕ್ಕೆ ಸಾಗಿತು. "ಇಷ್ಟೇನೇ?" ಎಂದಳು ನನ್ನಾಕೆ. ಅಷ್ಟೇ. ಎರಡು ಸರಕಾರಗಳು ಒಂದು ದೀಪದ ಕಂಬದಲ್ಲಿ ಇತ್ಯರ್ಥ ಮಾಡಿಕೊಂಡಿದ್ದವು.

ಆದರೆ ಆ ದೀಪದ ಕಂಬವನ್ನು ನೆಡುವುದಕ್ಕೆ ಮುಂಚೆ ಏನೇನು ನಡೆದುಹೋಗಿತ್ತು! 1987ರ ಡಿಸೆಂಬರಿನಿಂದ 1988ರ ಫೆಬ್ರವರಿಯವರೆಗೆ ಇವೇ ಎರಡು ದೇಶಗಳು ಬಾನ್ ರೋಮ್ ಕ್ಲಾವೋ ಎಂಬ ಗಡಿಯ ಹಳ್ಳಿಗಾಗಿ ಕಾದಾಡಿದ್ದವು. ಅದೇ 1988ರಲ್ಲಿ ಥಾಯ್ಲೆಂಡಿನ ಪ್ರಧಾನಿಯಾದ ಚಾತಿಚಾಯ್ ಚುನ್ಹವಾನ್, ಯುದ್ಧಭೂಮಿಯನ್ನು ಮಾರುಕಟ್ಟೆಯನ್ನಾಗಿ ಮಾಡಬೇಕೆಂಬ ನೀತಿಯನ್ನು ಹಿಡಿದರು. ಸೇತುವೆಗೆ ಹಣ ಕೊಟ್ಟದ್ದು ಆಸ್ಟ್ರೇಲಿಯಾ. 1994ರ ಏಪ್ರಿಲ್ 8ರಂದು ಅದರ ಪ್ರಾರಂಭೋತ್ಸವ. 1967ರ ಬಳಿಕ ದೇಶ ಬಿಟ್ಟು ಹೊರಗೆ ಹೋಗದಿದ್ದ ಥಾಯ್ಲೆಂಡಿನ ದೊರೆ ಭೂಮಿಬಲರು ಆಗ ಲಾವೋಸಿಗೆ ಬಂದರು. ಆಮೇಲೆ ಅವರು ಮತ್ತೆ ಯಾವ ದೇಶಕ್ಕೂ ಹೋಗಲಿಲ್ಲ. ಲೋಕದ ರಾಜಧಾನಿಗಳನ್ನೆಲ್ಲ ಬಿಟ್ಟು ಹೊಳೆಯ ಆಚೆಯ ನೆರೆಯವರ ಮನೆಗೆ ಕೊನೆಯ ಭೇಟಿ! ನನಗೆ ಇದು ಬಹಳ ಹಿಡಿಸಿತು.

ಲಾವೋಸಿನ ಠಾಣೆಯಲ್ಲಿ ವೀಸಾಕ್ಕೆ ಅರ್ಜಿ ತುಂಬಿ, ಭಾವಚಿತ್ರ ಅಂಟಿಸಿ, ಡಾಲರುಗಳನ್ನು ಎಣಿಸಿಕೊಟ್ಟೆವು. (ಈ ನಿಯಮಗಳು ಆಗಾಗ ಬದಲಾಗುತ್ತವೆ, ಹೋಗುವವರು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು.) ಕಾಯುತ್ತ ಕುಳಿತಾಗ ನನ್ನಾಕೆ ಎರಡನೆಯ ಪ್ರಶ್ನೆ ಹಾಕಿದಳು: "ಏನೂಂದ್ರೆ, ಈಚೆಯವರೂ ಆಚೆಯವರೂ ನೋಡೋಕೆ ಒಂದೇ ಥರ ಇದ್ದಾರೆ. ಮಾತೂ ಒಂದೇ ಥರ ಕೇಳಿಸುತ್ತೆ. ನಡುನೀರಿನಲ್ಲಿ ಗೆರೆ ಎಳೆದೋರು ಯಾರು?"

ಎಳೆದವರು ಈಚೆಯವರೂ ಅಲ್ಲ, ಆಚೆಯವರೂ ಅಲ್ಲ; ಫ್ರೆಂಚರು. 1893ರ ಜುಲೈನಲ್ಲಿ ಅವರ ಯುದ್ಧದೋಣಿಗಳು ನದೀಮುಖದ ಪಾಕ್‌ನಾಮ್ ಕೋಟೆಯ ಗುಂಡುಗಳನ್ನು ಎದುರಿಸಿ ಬ್ಯಾಂಕಾಕಿನವರೆಗೆ ನುಗ್ಗಿದವು. ಅಕ್ಟೋಬರ್ 3ರ ಒಪ್ಪಂದದಲ್ಲಿ, ಆಗ ಸಯಾಂ ಎಂದು ಕರೆಯಿಸಿಕೊಳ್ಳುತ್ತಿದ್ದ ಥಾಯ್ಲೆಂಡು ಮೆಕಾಂಗಿನ ಎಡದಂಡೆಯ ನಾಡನ್ನು ಬಿಟ್ಟುಕೊಡಬೇಕಾಯಿತು. 1926ರ ಮತ್ತೊಂದು ಒಪ್ಪಂದದಲ್ಲಿ ಇನ್ನಷ್ಟು ಸೂಕ್ಷ್ಮ: ನದಿ ದ್ವೀಪಗಳಿಂದ ಕವಲೊಡೆದಲ್ಲಿ ಗಡಿಯು ಸಯಾಮಿನ ದಡಕ್ಕೆ ಹತ್ತಿರದ ಕವಲಿನಲ್ಲಿ ಹಾದುಹೋಗತಕ್ಕದ್ದು. ಎಂದರೆ ನಡುಗಡ್ಡೆಗಳು ಬಹುಮಟ್ಟಿಗೆ ಆಚೆಯವರಿಗೆ. ಬೇಸಗೆಯಲ್ಲಿ ನೀರಿಳಿದು, ಅಂಥ ದಿಬ್ಬಕ್ಕೆ ಥಾಯ್ ದಡದಿಂದ ಮೊಣಕಾಲು ನೀರಿನಲ್ಲಿ ನಡೆದುಹೋದವನು ತನಗೆ ತಿಳಿಯದೆಯೇ ಪರದೇಶದಲ್ಲಿ ನಿಂತಿರುತ್ತಾನೆ.

ಅದಕ್ಕೆ ಮುಂಚೆ ನದಿಯು ಗಡಿಯಾಗಿರಲಿಲ್ಲ, ನಡುಮನೆಯಾಗಿತ್ತು. 1353ರಲ್ಲಿ ಫಾ ಎನ್ಗುಮ್ ಎಂಬ ದೊರೆ ಕಟ್ಟಿದ ಲಾನ್ ಸಾಂಗ್ ರಾಜ್ಯ, ಎಂದರೆ ಹತ್ತು ಲಕ್ಷ ಆನೆಗಳ ರಾಜ್ಯ, ಎರಡೂ ದಂಡೆಗಳಲ್ಲಿ ಹರಡಿತ್ತು. ಕಾಲಕ್ರಮದಲ್ಲಿ ಅದು ಒಡೆದು, ಸಯಾಮಿಗೆ ಅಧೀನವಾಯಿತು. 1826ರಲ್ಲಿ ವಿಯೆಂಟಿಯಾನಿನ ಅರಸ ಅನುವೋಂಗ್ (ಅನುವಂಶ ಎಂದು ನಾವು ಓದಿಕೊಳ್ಳಬಹುದು) ದಂಗೆಯೆದ್ದ, ಸೋತ. 1828ರಲ್ಲಿ ಸಯಾಮಿನ ಸೇನೆ ವಿಯೆಂಟಿಯಾನನ್ನು ನೆಲಸಮ ಮಾಡಿ, ಅಲ್ಲಿನ ಜನರನ್ನು ಹಿಂಡುಹಿಂಡಾಗಿ ಬಲದಂಡೆಗೆ ಸಾಗಿಸಿತು. ನೋಂಗ್‌ಖಾಯ್ ಪಟ್ಟಣ ತಲೆಯೆತ್ತಿದ್ದು ಆ ಕಾಲದಲ್ಲಿಯೇ. ಇಂದು ಲಾವೋಸಿನ ಜನಸಂಖ್ಯೆ ಮುಕ್ಕಾಲು ಕೋಟಿಯ ಸುಮಾರು. ಥಾಯ್ಲೆಂಡಿನ ಈಶಾನ್ಯಭಾಗವಾದ ಈಸಾನಿನದು ಎರಡು ಕೋಟಿಗೂ ಹೆಚ್ಚು. ಈಸಾನ್ ಎಂಬುದೂ ನಮ್ಮ ಈಶಾನ್ಯದ ಮಾತೇ. ಅಲ್ಲಿನ ಬಹುಪಾಲು ಜನರ ಮನೆಮಾತು ಲಾವೋ ಬಗೆಯದು. ಹೀಗೆ ಲಾವೋ ಆಡುವವರು ಲಾವೋಸಿಗಿಂತ ಥಾಯ್ಲೆಂಡಿನಲ್ಲಿಯೇ ಅಧಿಕ!

ದೇವರುಗಳೂ ಹೊಳೆ ದಾಟಿದ್ದಾರೆ. ನೋಂಗ್‌ಖಾಯ್‌ನ ಬೋಧಿಜಯ ವಿಹಾರದಲ್ಲಿ, ಅವರ ಬಾಯಲ್ಲಿ ವಾಟ್ ಫೋ ಚಾಯ್, ಒಂದು ಚಿನ್ನದ ಕಾಂತಿಯ ಬುದ್ಧನಿದ್ದಾನೆ. ಲಾವೋ ಅರಸನ ಮೂವರು ಹೆಣ್ಣುಮಕ್ಕಳು ಮಾಡಿಸಿದ ಮೂರು ಮೂರ್ತಿಗಳಲ್ಲಿ ಅದೊಂದೆಂದು ಐತಿಹ್ಯ. ಆಚೆಯಿಂದ ತೆಪ್ಪಗಳ ಮೇಲೆ ತರುವಾಗ ಬಿರುಗಾಳಿ ಎದ್ದು ಒಂದು ಮೂರ್ತಿ ಮುಳುಗಿತಂತೆ. ಮುಳುಗಿದವನ ಹೆಸರು ಫ್ರಾ ಸುಕ್. ಸುಖವೆಂಬ ಮಾತೇ ಅದು. ಗಡಿಗೆರೆಯ ಕೆಳಗೆ, ಎರಡು ದೇಶಗಳಿಗೂ ಸಲ್ಲದೆ, ಸುಖದ ದೇವರು ಇನ್ನೂ ನೀರಿನಲ್ಲಿ ಮಲಗಿದ್ದಾನೆಂದು ದಡದ ಜನ ನಂಬುತ್ತಾರೆ.

ಇಷ್ಟೆಲ್ಲ ಕೇಳಿದ ಮೇಲೆ ಗಡಿಯೆಂಬುದು ಬರಿಯ ಹುಸಿಯೆಂದು ಹೇಳಿಬಿಡುವ ಆಸೆಯಾಗುತ್ತದೆ. ವೇದಿಕೆಯ ಮೇಲಾಗಿದ್ದರೆ ನಾನೂ ಹೇಳುತ್ತಿದ್ದೆನೇನೋ. ಆದರೆ ಹಿಂದಿನ ದಿನ ನೋಂಗ್‌ಖಾಯ್‌ನಲ್ಲಿ ಒಂದು ತೋಟವನ್ನು ನೋಡಿ ಬಂದಿದ್ದೆವು. ಅದನ್ನು ನೋಡಿದವರು ಹಾಗೆ ಹೇಳಲಾರರು.

ತೋಟವೆಂದರೆ ಹೂವಿನದಲ್ಲ, ವಿಗ್ರಹಗಳದು. ಹೆಸರು ಸಾಲಾ ಕಿಯೋ ಕು. ಕಿಯೋ ಕು ಎಂಬ ತಪಸ್ವಿಯ ಶಾಲೆ. ಇಟ್ಟಿಗೆ ಸಿಮೆಂಟುಗಳಿಂದ ಕಟ್ಟಿದ ಬುದ್ಧರು, ಶಿವ, ವಿಷ್ಣು, ರಾಕ್ಷಸರು, ನಾಗರು ಮರಗಳಿಗಿಂತ ಎತ್ತರವಾಗಿ ಎದ್ದು ನಿಂತಿದ್ದಾರೆ. ಏಳು ಹೆಡೆಯ ನಾಗನ ನೆರಳಿನಲ್ಲಿ ಧ್ಯಾನಕ್ಕೆ ಕುಳಿತ ಬುದ್ಧನ ಎತ್ತರ 25 ಮೀಟರು. ಇನ್ನೊಂದೆಡೆ ಒಂದು ಆನೆ ನೆಮ್ಮದಿಯಾಗಿ ನಡೆದುಹೋಗುತ್ತಿದೆ. ಸುತ್ತ ನಾಯಿಗಳ ಹಿಂಡು ಮುತ್ತಿಕೊಂಡು ಬೊಗಳುತ್ತಿದೆ. ಆನೆಗೆ ಅದರ ಪರಿವೆಯೇ ಇಲ್ಲ. "ನಾಯಿ ಬೊಗಳಿದರೆ ದೇವಲೋಕ ಹಾಳೇ?" ಎಂದು ನನ್ನಾಕೆ ಆ ಶಿಲ್ಪಕ್ಕೆ ಅಲ್ಲೇ ಕನ್ನಡದ ಭಾಷ್ಯ ಬರೆದಳು.

ಇದನ್ನು ಕಟ್ಟಿದಾತ ಬುನ್‌ಲುವಾ ಸುಲಿಲತ್. ಬುನ್ ಎಂದರೆ ಪುಣ್ಯ, ಲುವಾ ಎಂದರೆ ಉಳಿದದ್ದು: ಪುಣ್ಯಶೇಷ. ಹುಟ್ಟಿದ್ದು 1932ರಲ್ಲಿ, ಈಚೆಯ ನೋಂಗ್‌ಖಾಯ್ ಸೀಮೆಯಲ್ಲಿ. ಶಿಲ್ಪದ ಶಾಲೆಗೆ ಹೋದವನಲ್ಲ. ಹಿಂದೂ ಬೌದ್ಧ ಮತಗಳೆರಡನ್ನೂ ತನ್ನದೇ ರೀತಿಯಲ್ಲಿ ಬೆರೆಸಿಕೊಂಡ ಸಾಧಕ. ಆಚೆಯ ದಡಕ್ಕೆ ಹೋಗಿ ಅಲ್ಲಿ ನೆಲಸಿ, 1958ರಲ್ಲಿ ಹೊಳೆಯಂಚಿನ ಬಯಲೊಂದರಲ್ಲಿ ವಿಗ್ರಹಗಳನ್ನು ಕಟ್ಟತೊಡಗಿದ. ಶಿಷ್ಯರು ಇಟ್ಟಿಗೆ ಹೊತ್ತರು, ಸಿಮೆಂಟು ಕಲಸಿದರು. ಇನ್ನೂರಕ್ಕೂ ಮಿಕ್ಕಿ ಮೂರ್ತಿಗಳಾದವು. ಹದಿನೇಳು ವರ್ಷದ ಪರಿಶ್ರಮ.

1975ರಲ್ಲಿ ಲಾವೋಸಿನ ಅರಸೊತ್ತಿಗೆ ಉರುಳಿತು. ಡಿಸೆಂಬರ್ 2ರಂದು ಸಮತಾವಾದಿಗಳು ತಮ್ಮ ಗಣರಾಜ್ಯವನ್ನು ಘೋಷಿಸಿದರು. ಆ ವರ್ಷವೂ ಅದರ ಮುಂದಿನ ವರ್ಷಗಳಲ್ಲಿಯೂ, ದೇಶದ ಹತ್ತರಲ್ಲಿ ಒಬ್ಬರಂತೆ ಜನ ಹೊಳೆಯ ಕಡೆಗೆ ಓಡಿದರು. ದೋಣಿಯಿದ್ದವರು ದೋಣಿಯಲ್ಲಿ, ಇಲ್ಲದವರು ರಾತ್ರಿಯ ಕತ್ತಲಲ್ಲಿ ಬಿದಿರ ತುಂಡುಗಳನ್ನು ಕಂಕುಳಿಗೆ ಕಟ್ಟಿಕೊಂಡು ಈಜಿದರು. ಕೆಲವರು ಗುಂಡಿಗೆ ಬಲಿಯಾದರು, ಕೆಲವರು ಸೆಳವಿಗೆ. ನಾವು ಚೀಟಿ ಕೊಂಡು ಕೆಲವೇ ನಿಮಿಷಗಳಲ್ಲಿ ದಾಟಿದ ನೀರು ಅದೇ. ಅವರ ಪಾಲಿಗೆ ನಡುನೀರಿನ ಆ ಗೆರೆ ಹುಸಿಯಾಗಿರಲಿಲ್ಲ, ಈಚೆಗೆ ಜೀವವಿತ್ತು. ಫ್ರೆಂಚರು ತಮ್ಮ ಲಾಭಕ್ಕೆ ಎಳೆದ ಗೆರೆ ಎಂಬತ್ತು ವರ್ಷಗಳ ಮೇಲೆ ಅವರು ಕಾಣದ ಜನರಿಗೆ ಆಸರೆಯಾಯಿತು. ಇದನ್ನು ನ್ಯಾಯವೆನ್ನಬೇಕೋ ವಿಪರ್ಯಾಸವೆನ್ನಬೇಕೋ ನನಗೆ ತೋರದು.

ಬುನ್‌ಲುವಾ ಸಹ ದಾಟಿ ಬಂದ. ಸಿಮೆಂಟಿನ ದೇವರುಗಳು ಬರುವಂತಿಲ್ಲ; ಅವು ಅಲ್ಲಿಯೇ ಉಳಿದವು. 1978ರಲ್ಲಿ, ನಲವತ್ತಾರರ ವಯಸ್ಸಿನಲ್ಲಿ, ಆತ ನೋಂಗ್‌ಖಾಯ್‌ನ ಹೊರಗೆ ಮತ್ತೆ ಮೊದಲಿನಿಂದ ಆರಂಭಿಸಿದ. ಈ ಸಲದ ಮೂರ್ತಿಗಳು ಮೊದಲಿನವಕ್ಕಿಂತ ದೊಡ್ಡವು. 1996ರಲ್ಲಿ ತೀರಿಕೊಂಡ. ತೋಟದ ಭವನದಲ್ಲಿ ಆತನ ದೇಹವನ್ನು ಇಂದಿಗೂ ಕಾಪಾಡಿ ಇಟ್ಟಿದ್ದಾರೆ.

ಅವನು ಬಿಟ್ಟುಬಂದ ತೋಟವನ್ನು ನಾವು ವೀಸಾ ಪಡೆದ ದಿನವೇ ನೋಡಿದೆವು. ಗಡಿಠಾಣೆಯಿಂದ 14ನೆಯ ಸಂಖ್ಯೆಯ ಬಸ್ಸು ಅಲ್ಲಿಗೆ ಹೋಗುತ್ತದೆ. ಈಗಿನ ಸರಕಾರ ಅದನ್ನು ಕೆಡವದೆ ಸಾರ್ವಜನಿಕರ ಉದ್ಯಾನವಾಗಿ ಉಳಿಸಿಕೊಂಡಿದೆ. ಈ ಮಾತನ್ನೂ ಹೇಳಬೇಕಾದದ್ದು ಧರ್ಮ. ಕುಂಬಳಕಾಯಿಯಂಥ ಒಂದು ಮಹಾಗೋಳ. ರಾಕ್ಷಸನ ಬಾಯಿಯಲ್ಲಿ ಹೊಕ್ಕರೆ ಒಳಗೆ ಮೂರು ಅಂತಸ್ತು: ನರಕ, ಭೂಮಿ, ಸ್ವರ್ಗ. ಸ್ವರ್ಗಕ್ಕೆ ಹತ್ತುವ ಮೆಟ್ಟಿಲು ಬಲು ಕಡಿದು, ಕತ್ತಲು ಬೇರೆ. ಮೇಲೆ ಬಂದು ನಿಂತರೆ ಮಲಗಿದ ಬುದ್ಧ, ಮೂರು ತಲೆಯ ಐರಾವತದ ಮೇಲೆ ಇಂದ್ರ. ಪಾಚಿಗಟ್ಟಿ ಕಪ್ಪಾದ ಆ ಮೂರ್ತಿಗಳು ಸಾವಿರ ವರ್ಷದ ಹಳಬರಂತೆ ಕಾಣುತ್ತವೆ. ವಯಸ್ಸು ನೋಡಿದರೆ ನಮ್ಮ ತಂದೆತಾಯಿಯರ ಓರಗೆಯವು. "ಕೈಯಾರೆ ಮಾಡಿದ್ದನ್ನು ಇಷ್ಟು ಹತ್ತಿರದಲ್ಲೇ ಇಟ್ಟುಕೊಂಡು, ಆಚೆ ದಡದಲ್ಲಿ ಕೂತು ಮತ್ತೆ ಅದನ್ನೇ ಮಾಡಬೇಕೂಂದ್ರೆ..." ಎಂದ ನನ್ನಾಕೆ ಮಾತನ್ನು ಪೂರ್ತಿ ಮಾಡಲಿಲ್ಲ.

ಸೇತುವೆಯಿಂದ ವಿಯೆಂಟಿಯಾನ್ ಇಪ್ಪತ್ತು ಕಿಲೊಮೀಟರಿನಷ್ಟು. ಅಲ್ಲಿನವರ ಬಾಯಲ್ಲಿ ಅದು 'ವಿಯೆಂಗ್ ಚಾನ್'. ವಿಯೆಂಗ್ ಎಂದರೆ ಕೋಟೆಯ ಪಟ್ಟಣ. 'ಚಾನ್' ಎಂದರೇನು? ಥಾಯ್ ಬರಹದಲ್ಲಿ ಉಚ್ಚಾರವಿಲ್ಲದ ಅಕ್ಷರಗಳು ಕೊನೆಯಲ್ಲಿ ಉಳಿದಿರುವುದರಿಂದ ಅದು ಚಂದನವೆಂದು ಸ್ಪಷ್ಟ: ಶ್ರೀಗಂಧದ ಪಟ್ಟಣ. ಲಾವೋ ಬರಹದಲ್ಲಿ ಆ ಬಾಲಗಳಿಲ್ಲ. ಚಂದನವೂ ಚಾನ್, ಚಂದ್ರನೂ ಚಾನ್. ಆದಕಾರಣ ಕೆಲವರು ಚಂದ್ರನಗರಿಯೆಂದೂ ಅರ್ಥ ಹೇಳುತ್ತಾರೆ. ಗಂಧದ ನಾಡಿನಿಂದ ಹೋದ ನನಗೆ ಯಾವ ಅರ್ಥ ಪ್ರಿಯವೆಂಬುದನ್ನು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. 1975ರ ಬಳಿಕ ಲಾವೋ ವರ್ಣಮಾಲೆಯಿಂದ ರಕಾರವನ್ನೇ ಕೈಬಿಟ್ಟಿದ್ದರು. ಈಚೆಗೆ ವಿದೇಶದ ಹೆಸರುಗಳಿಗಾಗಿ ಅದನ್ನು ಮತ್ತೆ ಕರೆದುಕೊಂಡಿದ್ದಾರೆ. ನಮ್ಮ ಶಕಟರೇಫ ಯಾರ ಆಜ್ಞೆಯೂ ಇಲ್ಲದೆ ತಾನಾಗಿ ಮರೆಯಾಯಿತು; ಅಲ್ಲಿ ರೇಫವು ಸರಕಾರಿ ಆದೇಶದಿಂದ ಹೋಯಿತು.

ಹೀಗೆ ಬರಹದಲ್ಲಿ ಬೇಲಿ ಹಾಕಿಕೊಂಡರೂ ಕಿವಿಗೆ ಬೇಲಿಯಿಲ್ಲ. ಥಾಯ್ಲೆಂಡಿನ ದೂರದರ್ಶನದ ಕಥೆಗಳೂ ಹಾಡುಗಳೂ ಲಾವೋಸಿನ ಮನೆಮನೆಯಲ್ಲಿ ನಡೆಯುತ್ತವೆ. ಅಲ್ಲಿನ ಮಕ್ಕಳು ಥಾಯ್ ನುಡಿಯನ್ನು ಯಾರೂ ಕಲಿಸದೆಯೇ ಕಲಿಯುತ್ತಾರೆ. ನಾವು ಇಳಿದುಕೊಂಡಿದ್ದ ವಸತಿಗೃಹದಲ್ಲಿ ನನ್ನಾಕೆ ಬ್ಯಾಂಕಾಕಿನಲ್ಲಿ ಕಲಿತಿದ್ದ 'ಖೋಪ್ ಖುನ್' ಎಂಬ ವಂದನೆಯ ಮಾತನ್ನು ಹೇಳಿದಳು. ಅಲ್ಲಿನ ಹುಡುಗಿಗೆ ಅರ್ಥವಾಗದೆ ಇಲ್ಲ. ಆದರೂ ನಕ್ಕು, ಮೃದುವಾಗಿ, "ನಾವು 'ಖೋಪ್ ಚಾಯ್' ಅನ್ನುತ್ತೇವೆ" ಎಂದಳು. ಥಾಯ್ ಮಾತಿನ 'ಖುನ್' ನಮ್ಮ 'ಗುಣ'. ಲಾವೋ ಮಾತಿನ 'ಚಾಯ್' ಎಂದರೆ ಹೃದಯ. ಸಣ್ಣ ನುಡಿಯನ್ನು ಆಡುವವರು ದೊಡ್ಡ ನೆರೆಮನೆಯ ಪಕ್ಕದಲ್ಲಿ ಬಾಳುವಾಗ ಹೀಗೆ ನಕ್ಕು ತಿದ್ದುತ್ತಲೇ ಇರಬೇಕಾಗುತ್ತದೆ. ಆ ಹುಡುಗಿಯ ಮೇಲೆ ನನಗೆ ಗೌರವ ಹುಟ್ಟಿತು.

ಥಾಯ್ಲೆಂಡಿನ ಎಲ್ಲ ಗಡಿಗಳಿಗೂ ಮಿತ್ರಭಾವದ ಭಾಗ್ಯವಿಲ್ಲ. 2025ರ ಜುಲೈನಲ್ಲಿ ಕಾಂಬೋಡಿಯದ ಗಡಿಯಲ್ಲಿ ಫಿರಂಗಿಗಳು ಮೊಳಗಿದವು. ಹಳೆಯ ಶಿವಾಲಯಗಳ ಸುತ್ತಲೇ ಕಾದಾಟ ನಡೆಯಿತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನನಗೆ ನೆನಪಾದದ್ದು ಲಾವೋಸಿನ ದಡದ ಆ ಕೆಂಪು-ಹಸಿರು ದೀಪ.

ವಿಯೆಂಟಿಯಾನಿನ ಹೊಳೆದಂಡೆಯಲ್ಲಿ ಸೋತ ದೊರೆ ಅನುವೋಂಗನ ದೊಡ್ಡ ಕಂಚಿನ ಪ್ರತಿಮೆಯಿದೆ, 2010ರಲ್ಲಿ ನಿಲ್ಲಿಸಿದ್ದು. ಒಂದು ಕೈಯಲ್ಲಿ ಖಡ್ಗ. ಇನ್ನೊಂದು ಕೈಯನ್ನು ಹೊಳೆಯ ಕಡೆಗೆ ಚಾಚಿದ್ದಾನೆ. ಸಂಜೆ ಅದರ ಸುತ್ತ ಸಂತೆ ನೆರೆಯುತ್ತದೆ. ಅಲ್ಲಿ ಬಿದಿರ ಬುಟ್ಟಿಯಲ್ಲಿ ಅಂಟು ಅನ್ನ ಮಾರುತ್ತಿದ್ದ ಒಬ್ಬ ಹೆಂಗಸಿನ ಬಳಿ ಕುಳಿತೆವು. ಪಕ್ಕದಲ್ಲಿದ್ದ ವಿದ್ಯಾರ್ಥಿಯೊಬ್ಬ ಇಂಗ್ಲಿಷಿನಲ್ಲಿ ನಮ್ಮ ದುಭಾಷಿಯಾದ. ಆಕೆ ಬಾತ್ ಕೊಟ್ಟರೂ ಕಿಪ್ ಕೊಟ್ಟರೂ ತೆಗೆದುಕೊಳ್ಳುತ್ತಿದ್ದಳು. ಎದುರು ದಡದಲ್ಲಿ ಒಂದು ಊರಿನ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ಅದು ಥಾಯ್ಲೆಂಡಿನ ಸಿ ಚಿಯಾಂಗ್ ಮಾಯ್. "ನಿಮ್ಮವರು ಯಾರಾದರೂ ಅಲ್ಲಿ ಇದ್ದಾರೆಯೇ?" ಎಂದು ನನ್ನಾಕೆ ಕೇಳಿಸಿದಳು.

ಅಕ್ಕನನ್ನು ಆ ಊರಿಗೇ ಕೊಟ್ಟಿದೆಯಂತೆ. ಆಕೆ ಅನ್ನದ ಚಮಚವನ್ನೇ ಎತ್ತಿ ಆ ದೀಪಗಳ ಕಡೆಗೆ ತೋರಿಸಿದಳು. ನೆಟ್ಟಗೆ ಹೋದರೆ ನಡುವೆ ಇರುವುದು ಆ ಹೊಳೆಯ ಅಗಲವಷ್ಟೆ. ಸೇತುವೆಯ ದಾರಿ ಹಿಡಿದರೆ ಇತ್ತ ಇಪ್ಪತ್ತು ಕಿಲೊಮೀಟರು ಕೆಳಕ್ಕೆ ಹೋಗಿ, ಮುದ್ರೆ ಒತ್ತಿಸಿಕೊಂಡು ದಾಟಿ, ಅತ್ತ ಮತ್ತೆ ಐವತ್ತಕ್ಕೂ ಮಿಕ್ಕಿ ಕಿಲೊಮೀಟರು ಮೇಲಕ್ಕೆ ಬರಬೇಕು. ಎರಡೂ ದಡದವರಿಗೆ ಏಪ್ರಿಲ್‌ನಲ್ಲಿ ಹೊಸವರ್ಷದ ಸಂಕ್ರಾಂತಿ. ಆಗ ಅಂಗಡಿ ಮುಚ್ಚಿ ಮೂರು ದಿನ ಹೋಗಿಬರುತ್ತಾಳಂತೆ.